ರಸ್ತೆ ಅಗಲ ಮಾಡಿದ್ರೆ ಟ್ರಾಫಿಕ್ ಕಮ್ಮಿ ಆಗುತ್ತಾ? ಫುಟ್‌ಪಾತ್ ಹೇಳೋ ಕಥೆ ಕೇಳಿ

ಇವತ್ತಿನ ಸಂಚಿಕೆಯಲ್ಲಿ ಬೆಳೀತಿರೋ ನಗರಗಳ ಬಗ್ಗೆ ಮಾತಾಡೋಣ. ಫ್ಲೈಓವರ್, ಸುರಂಗ ರಸ್ತೆ ಅಂತ ದೊಡ್ಡದರಿಂದ ಶುರು ಮಾಡಲ್ಲ. ನಾವು ದಿನಾ ತುಳಿಯೋ ಫುಟ್‌ಪಾತ್‌ನಿಂದ ಶುರು ಮಾಡೋಣ. ಎಷ್ಟೋ ಕಡೆ ತುಳಿಯೋಕೆ ಜಾಗ ಇಲ್ಲದೆ ರಸ್ತೆಗೇ ಇಳಿದು ನಡೀತೀವಲ್ಲ, ಅದೇ ಫುಟ್‌ಪಾತ್.

ಮೊದಲು ಒಂದೆರಡು ಅಂಕಿ ನೋಡಿ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರದ ಜನಸಂಖ್ಯೆ ಸುಮಾರು 57 ಲಕ್ಷ. 2011ರಲ್ಲಿ ಅದು ಸುಮಾರು 85 ಲಕ್ಷ. ಹತ್ತೇ ವರ್ಷದಲ್ಲಿ 28 ಲಕ್ಷ ಜನ ಜಾಸ್ತಿ ಆದ್ರು. ಆದ್ರೆ ಜಯನಗರ, ಮಲ್ಲೇಶ್ವರ, ಚಿಕ್ಕಪೇಟೆಯ ರಸ್ತೆಗಳು ಎಷ್ಟಿದ್ವೋ ಅಷ್ಟೇ ಇವೆ. ಎರಡೂ ಕಡೆ ಮನೆ, ಅಂಗಡಿ. ಇರೋ ಜಾಗವನ್ನೇ ಹಂಚಿಕೊಳ್ಳಬೇಕು. ಯಾರಿಗೆ ಎಷ್ಟು ಅನ್ನೋದೇ ನಗರ ವಿನ್ಯಾಸದ ನಿಜವಾದ ಪ್ರಶ್ನೆ.

ಅಗಲ ಮಾಡಿದ್ರೆ ಏನಾಗುತ್ತೆ?

ಟ್ರಾಫಿಕ್ ಜಾಮ್ ಆದ್ರೆ ನಮಗೆ ಮೊದಲು ಹೊಳೆಯೋ ಉಪಾಯ ರಸ್ತೆ ಅಗಲ ಮಾಡೋದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಅಂತ ಒಂದು ಹೆದ್ದಾರಿ ಇದೆ. 2008ರ ಹೊತ್ತಿಗೆ ಅದನ್ನ ಎಷ್ಟು ಅಗಲ ಮಾಡಿದ್ರು ಅಂದ್ರೆ, ಸರ್ವೀಸ್ ರಸ್ತೆಗಳೂ ಸೇರಿ ಕೆಲವು ಕಡೆ 26 ಲೇನ್! ಆದ್ರೂ ಕೆಲವೇ ವರ್ಷಗಳಲ್ಲಿ ಬೆಳಗ್ಗೆ, ಸಂಜೆಯ ಪ್ರಯಾಣದ ಸಮಯ ಮತ್ತೆ ಏರಿತು.

ಯಾಕೆ ಹೀಗೆ? ರಸ್ತೆ ಖಾಲಿ ಕಂಡ ಕೂಡಲೇ ನಿನ್ನೆವರೆಗೆ ಬಸ್‌ನಲ್ಲಿ ಹೋಗ್ತಿದ್ದವರು ಕಾರು ತೆಗೀತಾರೆ. ಮೊದಲು ಹೋಗದೇ ಇದ್ದವರೂ ಹೊರಡ್ತಾರೆ. ಊರಾಚೆ ಹೊಸ ಲೇಔಟ್ ಏಳುತ್ತೆ. ಅಲ್ಲಿಂದ ಬರೋರೂ ಇದೇ ರಸ್ತೆಗೆ ಸೇರ್ತಾರೆ. ಜಾಗ ಹೆಚ್ಚಾದಷ್ಟೂ ಅದನ್ನ ತುಂಬೋ ವಾಹನಗಳೂ ಹೆಚ್ಚಾಗುತ್ತವೆ.

ಈಗ ಇದೇ ಲೆಕ್ಕವನ್ನ ತಿರುಗಿಸಿ ನೋಡಿ. ಒಂದು ಬಿಎಂಟಿಸಿ ಬಸ್‌ನ ಉದ್ದ ಸುಮಾರು 12 ಮೀಟರ್, ಅಂದ್ರೆ ಸಾಲಾಗಿ ನಿಂತ ಮೂರು ಕಾರುಗಳಷ್ಟು. ಆ ಬಸ್‌ನಲ್ಲಿ 60 ಜನ ಹೋಗಬಹುದು. ಮೂರು ಕಾರಲ್ಲಿ? ಹೆಚ್ಚಿನ ದಿನ ನಾಲ್ಕೈದು ಜನ ಇರ್ತಾರೆ ಅಷ್ಟೇ. ಹಾಗಾಗಿ ಒಂದು ರಸ್ತೆಯಲ್ಲಿ ಗಂಟೆಗೆ ಎಷ್ಟು ವಾಹನ ಹೋಗುತ್ತೆ ಅಂತ ಎಣಿಸೋ ಬದಲು, ಎಷ್ಟು ಜನ ಹೋಗ್ತಾರೆ ಅಂತ ಎಣಿಸಬೇಕು.

ಬಸ್ಸು, ಮೆಟ್ರೊ ಹತ್ತೋ ಪ್ರತಿಯೊಬ್ಬರೂ ಮೊದಲು ನಡೀಬೇಕು, ಇಳಿದ ಮೇಲೂ ನಡೀಬೇಕು. ನಮ್ಮ ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್‌ವರೆಗೆ ಶುರುವಾಯ್ತು. ಆಮೇಲೆ ಊರಿನ ನಾಲ್ಕೂ ದಿಕ್ಕಿಗೆ ಹಬ್ಬಿತು. ಆದ್ರೆ ಸ್ಟೇಷನ್‌ನಿಂದ ಆಫೀಸಿಗೆ ಇರೋ ಆ ಕೊನೆಯ 800 ಮೀಟರ್‌ನಲ್ಲಿ ಚರಂಡಿ ಕಲ್ಲು ಬಾಯಿ ತೆರೆದಿದ್ರೆ, ಜನ ಮನೆಯಿಂದಲೇ ಸ್ಕೂಟರ್ ತೆಗೀತಾರೆ. ಸಾವಿರಾರು ಕೋಟಿಯ ಮೆಟ್ರೊ ಒಂದು ಚಪ್ಪಡಿ ಕಲ್ಲಿನ ಹತ್ರ ಸೋಲುತ್ತೆ.

ಟೆಂಡರ್‌ಶ್ಯೂರ್ ಏನು ಮಾಡ್ತು?

ಸುಮಾರು ಹತ್ತು ವರ್ಷದ ಹಿಂದೆ ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಅನ್ನೋ ಯೋಜನೆ ಬಂತು. ವಾಹನ ಹೋಗೋ ಜಾಗ ಕಮ್ಮಿ ಮಾಡಿ ಫುಟ್‌ಪಾತ್ ಅಗಲ ಮಾಡಿದ್ರು. ‘ಮೊದಲೇ ಜಾಮ್, ಇನ್ನೂ ಕಿರಿದು ಮಾಡ್ತೀರಾ?’ ಅಂತ ಆಗ ಜನ ಬೈದಿದ್ದೂ ಉಂಟು.

ಆದ್ರೆ ಅದರ ಹಿಂದೆ ಒಂದು ತರ್ಕ ಇತ್ತು. ನೀರಿನ ಬಾಟಲಿ ತಲೆಕೆಳಗೆ ಮಾಡಿ. ನೀರು ಎಷ್ಟು ವೇಗವಾಗಿ ಬರುತ್ತೆ ಅನ್ನೋದನ್ನ ತೀರ್ಮಾನಿಸೋದು ಬಾಟಲಿಯ ಕತ್ತು, ಹೊಟ್ಟೆ ಅಲ್ಲ. ನಮ್ಮ ರಸ್ತೆಗಳೂ ಹಾಗೇ. ಇಲ್ಲಿ ಎರಡು ಲೇನ್, ಮುಂದೆ ನಾಲ್ಕು, ಮತ್ತೆ ಎರಡು. ಅಗಲ ಇರೋ ಕಡೆ ವಾಹನಗಳು ಹರಡಿಕೊಳ್ಳುತ್ತವೆ, ಕಿರಿದಾದ ಕಡೆ ಒಂದರ ಮೇಲೊಂದು ಮುಗಿಬೀಳುತ್ತವೆ. ಅದಕ್ಕೇ ರಸ್ತೆಯ ಉದ್ದಕ್ಕೂ ಲೇನ್‌ಗಳ ಅಗಲ ಒಂದೇ ಥರ ಇಟ್ಟು, ಉಳಿದ ಜಾಗವನ್ನ ನಡೆಯೋರಿಗೆ ಕೊಟ್ರು.

ಎರಡನೇ ಕೆಲಸ ಕಣ್ಣಿಗೆ ಕಾಣಲ್ಲ. ನೀರು, ಒಳಚರಂಡಿ, ವಿದ್ಯುತ್, ಇಂಟರ್ನೆಟ್ ಕೇಬಲ್‌ಗಳನ್ನ ಒಟ್ಟಿಗೇ ಯೋಜಿಸಿದ್ರು. ಕೇಬಲ್‌ಗಳು ಫುಟ್‌ಪಾತ್ ಕೆಳಗಿನ ಡಕ್ಟ್‌ಗಳಿಗೆ ಹೋದ್ವು, ರಿಪೇರಿಗೆ ಅಲ್ಲಲ್ಲಿ ಚೇಂಬರ್ ಬಂತು. ಇವತ್ತು ಡಾಂಬರು, ನಾಳೆ ಅಗೆತ ಅನ್ನೋ ಚಕ್ರ ನಿಲ್ಲಿಸೋದು ಇದರ ಉದ್ದೇಶ. ಖರ್ಚು ಮಾತ್ರ ಬರೀ ಡಾಂಬರು ಹಾಕೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಊರಿನ ಎಲ್ಲಾ ರಸ್ತೆಗೂ ಹೀಗೆ ಮಾಡೋದು ಕಷ್ಟ ಅನ್ನೋ ಟೀಕೆಯಲ್ಲಿ ಹುರುಳಿದೆ.

ಒಳ್ಳೆ ಫುಟ್‌ಪಾತ್ ಅಂದ್ರೆ ಯಾವುದು?

ಇದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಇದೆ. ಅದರ ಪ್ರಕಾರ ಫುಟ್‌ಪಾತ್‌ನಲ್ಲಿ ಮೂರು ಪಟ್ಟಿ ಇರಬೇಕು. ರಸ್ತೆ ಪಕ್ಕದ ಪಟ್ಟಿಯಲ್ಲಿ ಮರ, ದೀಪದ ಕಂಬ, ಟ್ರಾನ್ಸ್‌ಫಾರ್ಮರ್, ಬೆಂಚು. ಕಟ್ಟಡದ ಪಕ್ಕದಲ್ಲಿ ಅಂಗಡಿ ಮುಂದೆ ನಿಲ್ಲೋರಿಗೆ ಸ್ವಲ್ಪ ಜಾಗ. ನಡುವಿನ ಪಟ್ಟಿ ನಡೆಯೋಕೆ ಮಾತ್ರ. ಮನೆಗಳಿರೋ ರಸ್ತೆಯಲ್ಲಿ ಈ ನಡುವಿನ ಪಟ್ಟಿ ಕನಿಷ್ಠ 1.8 ಮೀಟರ್, ಅಂಗಡಿ ರಸ್ತೆಯಲ್ಲಿ 2.5 ಮೀಟರ್ ಅಡೆತಡೆ ಇಲ್ಲದೆ ಇರಬೇಕು. 1.8 ಮೀಟರ್ ಇದ್ರೆ ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟಬಹುದು.

ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮಲ್ಲಿ ಎಷ್ಟೋ ಕಡೆ ಮೊಣಕಾಲೆತ್ತರ ಇರುತ್ತೆ, ಪ್ರತಿ ಗೇಟಿನ ಹತ್ರ ಇಳಿದು ಮತ್ತೆ ಹತ್ತಬೇಕು. ಅಜ್ಜಿ, ಗರ್ಭಿಣಿ, ಶಾಲೆ ಮಗು ಮೂವರೂ ಬೇಸತ್ತು ರಸ್ತೆಗೆ ಇಳೀತಾರೆ. ಪರಿಣಾಮ ಏನು ಗೊತ್ತಾ? ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1.68 ಲಕ್ಷ. ಅದರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು. ಹತ್ತಿರ ಹತ್ತಿರ ಐವರಲ್ಲಿ ಒಬ್ಬರು.

ಹಾಗಾದ್ರೆ ಫುಟ್‌ಪಾತ್‌ಗೇ ಜಾಗ ಇಲ್ಲದ ಹಳೇ ಪೇಟೆಗಳಲ್ಲಿ? ಅಲ್ಲಿ ವೇಗ ಇಳಿಸೋದೇ ವಿನ್ಯಾಸ. ಗಂಟೆಗೆ 30 ಕಿ.ಮೀ. ವೇಗದ ವಾಹನ ಬಡಿದ್ರೆ ಬದುಕೋ ಸಾಧ್ಯತೆ ಹೆಚ್ಚು. 50 ದಾಟಿದ್ರೆ ಅದು ಬೇಗ ಕುಸಿಯುತ್ತೆ. 2018ರಲ್ಲಿ ಹೊಸ ರೂಪ ಪಡೆದ ಚರ್ಚ್ ಸ್ಟ್ರೀಟ್‌ನಲ್ಲಿ ಡಾಂಬರಿನ ಬದಲು ಕಲ್ಲು ಹಾಸಿದ್ದಾರೆ. ಕಲ್ಲಿನ ಮೇಲೆ ಗಾಡಿ ತಾನಾಗೇ ನಿಧಾನ ಆಗುತ್ತೆ.

ಹುಬ್ಬಳ್ಳಿ–ಧಾರವಾಡದ ಪಾಠ

ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ಮಾರ್ಗ ಇದೆ. ‘ಚಿಗರಿ’ ಬಸ್‌ಗಳು 2018ರಿಂದ ಅಲ್ಲಿ ಓಡ್ತಿವೆ. ರಸ್ತೆ ಮಧ್ಯೆ ಬಸ್ಸಿಗೇ ಮೀಸಲು ಲೇನ್ ಇರೋದ್ರಿಂದ ಜಾಮ್‌ನಲ್ಲಿ ಸಿಕ್ಕಿಕೊಳ್ಳಲ್ಲ. ಉಳಿದ ವಾಹನಗಳಿಗೆ ಜಾಗ ಕಿರಿದಾಯ್ತು ಅನ್ನೋ ದೂರೂ ಇದೆ. ಆದ್ರೆ ನಿಲ್ದಾಣಗಳೂ ರಸ್ತೆ ಮಧ್ಯೆಯೇ ಇವೆ. ಬಸ್ ಹತ್ತಬೇಕು ಅಂದ್ರೆ ಅರ್ಧ ರಸ್ತೆ ದಾಟಲೇಬೇಕು. ದಾಟೋ ಜಾಗ ಸುರಕ್ಷಿತ ಇಲ್ಲದಿದ್ರೆ ಅತಿ ವೇಗದ ಬಸ್ ಕೂಡ ದೂರದ್ದೇ.

ಹಾಗಾದ್ರೆ ತಳ್ಳುಗಾಡಿಯವರು?

ಫುಟ್‌ಪಾತ್ ಅಂದ ಕೂಡಲೇ ‘ಬೀದಿ ವ್ಯಾಪಾರಿಗಳನ್ನ ಎಬ್ಬಿಸಿ’ ಅನ್ನೋ ಮಾತು ಬರುತ್ತೆ. ರಾತ್ರಿ ಒಂಬತ್ತಕ್ಕೆ ಬಸ್ ಇಳಿಯೋ ಹುಡುಗಿಯನ್ನ ಕೇಳಿ. ಹೂವಿನವರು, ಕಡಲೆಕಾಯಿ ಗಾಡಿಯವರು ಇರೋ ದಾರಿಯಲ್ಲೇ ಧೈರ್ಯವಾಗಿ ನಡೀತೀನಿ ಅಂತಾಳೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೂ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಅವರನ್ನ ಎಬ್ಬಿಸಬಾರದು ಅನ್ನುತ್ತೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಮರ, ಕಂಬದ ಪಟ್ಟಿಯಲ್ಲೇ ಅವರಿಗೂ ಜಾಗ ಗುರುತಿಸಿದ್ರೆ ನಡುವಿನ ದಾರಿ ಖಾಲಿ ಉಳಿಯುತ್ತೆ. ನಿಜವಾಗಿ ಹೆಚ್ಚು ಜಾಗ ತಿನ್ನೋದು ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸೋ ಕಾರು, ಬೈಕು.

ನೀವು ಏನು ಮಾಡಬಹುದು?

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿದೆ. ಅಡೆತಡೆ ಇಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡೋ ಜೀವಿಸುವ ಹಕ್ಕಿನ ಭಾಗ. ಅಂದ್ರೆ ನಾವು ಫುಟ್‌ಪಾತ್ ಕೇಳೋದು ಹಕ್ಕಿನಿಂದ, ಕೃಪೆಗಾಗಿ ಅಲ್ಲ.

ಬೆಂಗಳೂರಿನಲ್ಲಿ ಈಗ ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮದು ಯಾವ ಪಾಲಿಕೆ, ಯಾವ ವಾರ್ಡ್ ಅಂತ ಮೊದಲು ತಿಳ್ಕೊಳ್ಳಿ. ಬೇರೆ ಊರಲ್ಲಿದ್ರೂ ಅಷ್ಟೇ. ಆಮೇಲೆ ಒಂದು ಟೇಪ್ ತಗೊಂಡು ಬಸ್ ಸ್ಟಾಪ್‌ನಿಂದ ಮನೆವರೆಗಿನ ಫುಟ್‌ಪಾತ್ ಅಳೆಯಿರಿ. ಎಲ್ಲಿ 1.8 ಮೀಟರ್ ಇಲ್ಲ, ಎಲ್ಲಿ 15 ಸೆಂಟಿಮೀಟರ್ ಮೀರಿದೆ, ಎಲ್ಲಿ ಕಂಬ ಅಡ್ಡ ಇದೆ ಅಂತ ಫೋಟೊ ಸಮೇತ ಬರೆದು ಕೊಡಿ. ‘ಫುಟ್‌ಪಾತ್ ಸರಿ ಇಲ್ಲ’ ಅನ್ನೋ ದೂರನ್ನ ಪಕ್ಕಕ್ಕಿಡೋದು ಸುಲಭ. ‘ಈ ಜಾಗದಲ್ಲಿ 70 ಸೆಂಟಿಮೀಟರ್ ಮಾತ್ರ ಇದೆ’ ಅನ್ನೋದಕ್ಕೆ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.