ಕರುವು ಪನಿಯ ಎರಡು ಲೆಕ್ಕ: ಸಾರ್ವಜನಿಕ ಹಣದ ವಾದದಲ್ಲಿ ನಂಬಿಕೆ ಮತ್ತು ಪುರಾವೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯ ಪ್ರಶ್ನೋತ್ತರದಿಂದ ಎರಡನ್ನು ಸೇರಿಸಿದೆ.)

ಧ್ವನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ.

ನನ್ನ ಊರು ಆದೋನಿಯಿಂದ ಆಲೂರಿನ ಕಡೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ನಾವು ಆದೋನಿಗೆ ಆದವಾನಿ ಅಂತೀವಿ. ಶಾಲೆ, ಕಚೇರಿ ಎಲ್ಲ ತೆಲುಗು, ಮನೆಮಾತು ಕನ್ನಡ. ಅಪ್ಪನಿಗೆ ನಾಲ್ಕು ಎಕರೆ ಒಣಭೂಮಿ, ಹತ್ತಿ ಹಾಕ್ತಾರೆ. ನಮ್ಮ ಚಿಕ್ಕವ್ವನಿಗೆ ಹೊಲ ಇಲ್ಲ. ಸುಗ್ಗಿ ಮುಗಿದ ಮೇಲೆ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸೋಕೆ ಹೋಗೋರ ಗುಂಪಿನಲ್ಲಿ ಅವರೂ ಒಬ್ಬರು. ಉದ್ಯೋಗ ಖಾತರಿ ಕೆಲಸ ಬಂದ ಮೇಲೆ ಈ ಇಬ್ಬರ ನಡುವೆ ಒಂದು ಜಗಳ ಹುಟ್ಟಿತು. ಅಪ್ಪನ ಮಾತು: "ಕರುವು ಪನಿ ಬಂದಾಗಿಂದ ಕಳೆ ತೆಗಿಯಾಕ ಒಬ್ರೂ ಬರವಲ್ರು. ಸರಕಾರದ ರೊಕ್ಕ ತಿಂದು ಮಂದಿ ಸೋಮಾರಿ ಆಗ್ಯಾರ." ಚಿಕ್ಕವ್ವನ ಮಾತು: "ಮಾವ, ನೀವು ಕೊಡೋ ಕೂಲಿ ಮೊದಲು ನೋಡ್ರಿ, ಆಮ್ಯಾಲೆ ಸೋಮಾರಿ ಅನ್ರಿ."

ನಾನು ಕಾಲೇಜಿಗೆ ಬಂದ ಮೇಲೆ ಚಿಕ್ಕವ್ವನ ಪಕ್ಷ ಸೇರಿದೆ. ಪುರಾವೆ ನೋಡಿ ಸೇರಿದ್ದಲ್ಲ ಅನ್ನೋದನ್ನ ಇವತ್ತು ಒಪ್ಪಿಕೊಳ್ಳಬೇಕು. ನನಗೆ ಆ ಪಕ್ಷ ಇಷ್ಟ ಇತ್ತು, ಅಷ್ಟೇ. ಸಾರ್ವಜನಿಕ ಹಣದ ಬಗ್ಗೆ ನಾವು ವಾದ ಮಾಡುವಾಗ ನಂಬಿಕೆ ಎಲ್ಲಿ ಮುಗೀತದೆ, ಪುರಾವೆ ಎಲ್ಲಿ ಶುರುವಾಗ್ತದೆ ಅನ್ನೋದೇ ಇವತ್ತಿನ ವಿಷಯ. ಅದಕ್ಕೆ ನಮ್ಮ ಸೀಮೆಯ ಎರಡು ಪ್ರಸಂಗ ತಗೊಂಡಿದ್ದೀನಿ. ಎರಡರ ನಡುವೆ ಸುಮಾರು 130 ವರ್ಷ ಅಂತರ.

ಎರಡನ್ನೂ ಯಾಕೆ ಜೋಡಿಸ್ತೀನಿ ಅಂದ್ರೆ, ಆ ಹೆಸರು ನೋಡಿ. ತೆಲುಗಿನಲ್ಲಿ 'ಕರುವು' ಅಂದ್ರೆ ಬರ, 'ಪನಿ' ಅಂದ್ರೆ ಕೆಲಸ. 2005ರ ಕಾನೂನಿನ ಯೋಜನೆ 2006ರ ಫೆಬ್ರವರಿ 2ರಂದು ನಮ್ಮ ಪಕ್ಕದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಶುರುವಾಯ್ತು. ಕಾಗದದ ಮೇಲೆ ಅದು ಹಕ್ಕು. ಜನ ಮಾತ್ರ ಅದನ್ನ ಬರದ ಕೆಲಸ ಅಂತಲೇ ಕರೆದರು.

1. ಧಾತು ಸಂವತ್ಸರದ ಕೂಲಿ

1876ರಿಂದ 78ರವರೆಗಿನ ಬರವನ್ನ ನಮ್ಮ ಕಡೆ ಧಾತು, ಈಶ್ವರ ಸಂವತ್ಸರಗಳ ಬರ ಅಂತಾರೆ. ಆಗ ಆದೋನಿ ತಾಲೂಕು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು ಆ ಕಡೆ ಹೋದವು. ಬಳ್ಳಾರಿ, ಕರ್ನೂಲು ಎರಡೂ ಆ ಬರದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳು.

ಬರಪರಿಹಾರದ ಕಾಮಗಾರಿಯಲ್ಲಿ ರಸ್ತೆ, ಕೆರೆ ಕೆಲಸಕ್ಕೆ ಬಂದವರಿಗೆ ಎಷ್ಟು ಕೂಲಿ ಕೊಡಬೇಕು ಅನ್ನೋದು ಆಗಿನ ದೊಡ್ಡ ವಾದ. ವೈಸರಾಯ್ ಲಾರ್ಡ್ ಲಿಟ್ಟನ್ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರನ್ನ ಮದ್ರಾಸಿಗೆ ಕಳಿಸಿದರು. ಖರ್ಚು ಹಿಡಿತದಲ್ಲಿ ಇಡಬೇಕು ಅನ್ನೋದು ಅಪ್ಪಣೆ. ಟೆಂಪಲ್ ಕೂಲಿ ಇಳಿಸಿದರು. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದಷ್ಟು, ಅಂದ್ರೆ ಸುಮಾರು 450 ಗ್ರಾಂ, ಮೇಲೆ ಒಂದಿಷ್ಟು ಚಿಲ್ಲರೆ ಕಾಸು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಮ್ಮಿ. ಹೆಚ್ಚು ಕೊಟ್ಟರೆ ಜನ ಸರ್ಕಾರದ ಮೇಲೆ ಒರಗಿಬಿಡ್ತಾರೆ ಅನ್ನೋದು ಇದರ ಹಿಂದಿನ ನಂಬಿಕೆ. ನಮ್ಮಪ್ಪನ ವಾಕ್ಯವನ್ನ ಇಂಗ್ಲಿಷ್ ಕಡತದ ಭಾಷೆಗೆ ತಿರುಗಿಸಿದ ಹಾಗಿದೆ.

ಆದ್ರೆ ಟೆಂಪಲ್ ಏನೂ ತಿಳಿಯದ ಮನುಷ್ಯ ಅಲ್ಲ. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಪರಿಹಾರದ ಹೊಣೆ ಇದೇ ಟೆಂಪಲ್ ಅವರದ್ದಾಗಿತ್ತು. ಬರ್ಮಾದಿಂದ ಅಕ್ಕಿ ತರಿಸಿದರು, ಧಾರಾಳವಾಗಿ ಖರ್ಚು ಮಾಡಿದರು. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕೆ ಅವರಿಗೆ ಸಿಕ್ಕಿದ್ದು ಶಹಬ್ಬಾಸ್ ಅಲ್ಲ, ದುಂದುಗಾರ ಅನ್ನೋ ಟೀಕೆ. ಜನ ಸಾಯಲಿಲ್ಲ ಅಂದ ಮೇಲೆ ಅಷ್ಟು ಖರ್ಚು ಬೇಕೇ ಇರಲಿಲ್ಲ ಅಂತ ವಾದ ಬಂತು. ಖರ್ಚು ಕೆಲಸ ಮಾಡಿದ್ದಕ್ಕೆ ಪುರಾವೆ ಆಗಬೇಕಿದ್ದ ಸಂಗತಿ, ಖರ್ಚು ವ್ಯರ್ಥ ಅನ್ನೋದಕ್ಕೆ ಪುರಾವೆ ಆಯ್ತು. ಒಂದೇ ಅಂಕಿ, ಓದಿದ್ದು ಉಲ್ಟಾ. ಮೂರು ವರ್ಷ ಆದ ಮೇಲೆ ಮದ್ರಾಸಿಗೆ ಬಂದ ಟೆಂಪಲ್ ಆ ಪಾಠ ಕಲಿತೇ ಬಂದಿದ್ದರು ಅಂತ ನನ್ನ ಓದು.

ಎದುರು ನಿಂತವರು ಡಾ. ಡಬ್ಲ್ಯು. ಆರ್. ಕಾರ್ನಿಶ್, ಮದ್ರಾಸ್ ಪ್ರಾಂತ್ಯದ ನೈರ್ಮಲ್ಯ ಆಯುಕ್ತರು. ಅವರು ಕರುಣೆಯ ಭಾಷಣ ಮಾಡಿ ಸುಮ್ಮನಾಗಲಿಲ್ಲ. ದುಡಿಯುವ ಕೈದಿಗೆ ಜೈಲಿನಲ್ಲಿ ಸಿಗುವ ಊಟಕ್ಕೂ ಈ ಕೂಲಿಗೂ ಹೋಲಿಕೆ ಮಾಡಿದರು. ಶಿಬಿರಗಳ ಸಾವಿನ ಲೆಕ್ಕ ಮುಂದಿಟ್ಟರು. ಮೈಮುರಿದು ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡು, ಅಂದ್ರೆ ಸುಮಾರು 680 ಗ್ರಾಂ ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕು ಅಂದರು. 1877ರಲ್ಲೇ ಮದ್ರಾಸ್ ಸರ್ಕಾರ ಅರ್ಧ ದಾರಿ ಬಂತು. ಸುಮಾರು 570 ಗ್ರಾಂ ಧಾನ್ಯ, ಒಂದಿಷ್ಟು ಬೇಳೆ.

ಅಷ್ಟರಲ್ಲಿ ತಡ ಆಗಿತ್ತು. 1871 ಮತ್ತು 1881ರ ಜನಗಣತಿಗಳ ನಡುವೆ ಕರ್ನೂಲು ಜಿಲ್ಲೆಯ ಜನಸಂಖ್ಯೆ ಸುಮಾರು ಕಾಲುಭಾಗ ಇಳಿಯಿತು. ಇದಕ್ಕೆಲ್ಲ ಟೆಂಪಲ್ ಕೂಲಿ ಒಂದೇ ಕಾರಣ ಅಂತ ನಾನು ಹೇಳಲ್ಲ. ಮಳೆ ಇಲ್ಲ, ಕಾಳಿನ ಬೆಲೆ ಏರಿತ್ತು, ಕಾಲರಾ ಇತ್ತು, ಗುಳೆ ಹೋದವರಿದ್ದರು. ಹೇಳಬೇಕಾದ್ದು ಬೇರೆ. ಉಳಿಸಿದ ಪ್ರತಿ ರೂಪಾಯಿಗೂ ಸರ್ಕಾರದ ಪುಸ್ತಕದಲ್ಲಿ ಒಂದು ಕಾಲಂ ಇತ್ತು. ಉಳಿಸಿದ್ದರಿಂದ ಆದ ನಷ್ಟಕ್ಕೆ ಕಾಲಂ ಇರಲಿಲ್ಲ. ಅದನ್ನ ಒಬ್ಬ ಡಾಕ್ಟರು ಎಣಿಸಿ ತಂದು ಸೇರಿಸಬೇಕಾಯ್ತು. ಆಮೇಲೆ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ಕ್ಕೆ ಕ್ಷಾಮ ಸಂಹಿತೆ ಬಂತು.

2. ಸ್ಮಾರ್ಟ್‌ಕಾರ್ಡಿನ ಕೂಲಿ

ಈಗ ಎರಡನೇ ಪ್ರಸಂಗಕ್ಕೆ ಬರ್ತೀನಿ. ಉದ್ಯೋಗ ಖಾತರಿಯ ಮೊದಲ ವರ್ಷಗಳಲ್ಲಿ ನಮ್ಮೂರಲ್ಲಿ ಕೂಲಿ ತಿಂಗಳುಗಟ್ಟಲೆ ತಡ ಆಗ್ತಿತ್ತು. ಒಂದು ಸಲ ಚಿಕ್ಕವ್ವನ ಕೂಲಿಯಲ್ಲಿ ಹಣ ಹಂಚುವವರು ಒಂದು ಪಾಲು ಹಿಡಕೊಂಡರು. ಯಾರು ಅನ್ನೋದು ಇಲ್ಲಿ ಬೇಡ. ಇದರಿಂದ ಎರಡು ನಂಬಿಕೆ ಬೆಳೆದವು. ಅಪ್ಪನದು: ಇದೆಲ್ಲ ಪೋಲು, ನಿಲ್ಲಿಸಬೇಕು. ನನ್ನದು: ಬೆರಳಚ್ಚಿನ ಯಂತ್ರ ತಂದರೆ ಬಡವರನ್ನ ಹೊರಗೆ ಹಾಕೋಕೆ ಇನ್ನೊಂದು ನೆಪ ಸಿಗ್ತದೆ.

ಆಂಧ್ರ ಸರ್ಕಾರ ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಮೂಲಕ ಕೂಲಿ, ಪಿಂಚಣಿ ಕೊಡೋಕೆ ಹೊರಟಾಗ, ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಸರ್ಕಾರದ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಎಂಟು ಜಿಲ್ಲೆ, ಅದರಲ್ಲಿ ಕರ್ನೂಲೂ ಒಂದು. ಯಾವ ಮಂಡಲಕ್ಕೆ ಕಾರ್ಡ್ ಮೊದಲು, ಯಾವುದಕ್ಕೆ ಆಮೇಲೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಹೋಲಿಕೆಗೆ 157 ಮಂಡಲ ಸಿಕ್ಕವು.

ಚೀಟಿ ಯಾಕೆ ಅಂತ ಹೊಸ ವಿದ್ಯಾರ್ಥಿಗಳಿಗೆ ಒಂದು ಮಾತು. ಒಳ್ಳೆ ಆಡಳಿತ ಇರೋ ಮಂಡಲಕ್ಕೇ ಮೊದಲು ಕಾರ್ಡ್ ಕೊಟ್ಟಿದ್ದರೆ, ಆಮೇಲೆ ಬಂದ ಫಲ ಕಾರ್ಡಿನದೋ ಆಡಳಿತದ್ದೋ ಹೇಳೋಕಾಗಲ್ಲ. ಚೀಟಿ ಎತ್ತಿದಾಗ ಎರಡು ಗುಂಪೂ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಉಳಿಯೋ ವ್ಯತ್ಯಾಸ ಕಾರ್ಡಿನದು. ಸೋರಿಕೆ ಅಳೆದದ್ದೂ ಸರಳ ಉಪಾಯದಿಂದ. ಸರ್ಕಾರದ ದಾಖಲೆಯಲ್ಲಿ ಇವರಿಗೆ ಎಷ್ಟು ಕೊಟ್ಟಿದ್ದೀವಿ ಅಂತ ಇದೆ, ಮನೆಗೆ ಹೋಗಿ ಕೇಳಿದಾಗ ಎಷ್ಟು ಬಂತು ಅಂತಾರೆ, ಎರಡರ ನಡುವಿನ ಅಂತರವೇ ಸೋರಿಕೆ. ಸಾಮಾಜಿಕ ಲೆಕ್ಕಪರಿಶೋಧನೆಯಲ್ಲಿ ಮಸ್ಟರ್ ರೋಲನ್ನ ಊರಿನ ಮುಂದೆ ಓದಿ ಹೇಳ್ತಾರಲ್ಲ, ತತ್ವ ಅದೇ.

2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾರ್ಡ್ ಬಂದ ಮಂಡಲಗಳಲ್ಲಿ ಕೂಲಿ ಬೇಗ ಕೈಸೇರಿತು, ಸೋರಿಕೆ ಸುಮಾರು 41% ಇಳಿಯಿತು, ಯೋಜನೆಯಿಂದ ಜನ ಹೊರಗೆ ಬೀಳಲಿಲ್ಲ. ಅಂದ್ರೆ ನನ್ನ ನಂಬಿಕೆ ಇಲ್ಲಿ ಸೋತಿತು.

2023ರಲ್ಲಿ ಬಂದ ಎರಡನೇ ಲೇಖನ ಅಪ್ಪನ ನಂಬಿಕೆಗೆ ಸಂಬಂಧಪಟ್ಟದ್ದು. ಯೋಜನೆ ಸರಿಯಾಗಿ ನಡೆದ ಕಡೆ ಬಡ ಕುಟುಂಬಗಳ ಗಳಿಕೆ 14% ಹೆಚ್ಚಾಯ್ತು. ಈ ಹೆಚ್ಚಳದಲ್ಲಿ 86% ಬಂದದ್ದು ಯೋಜನೆಯ ಕೂಲಿಯಿಂದ ಅಲ್ಲ, ಹೊರಗಿನ ಖಾಸಗಿ ದುಡಿಮೆಯಿಂದ. ಹೊಲದ ಕೂಲಿ ಏರಿತು, ಖಾಸಗಿ ಕೆಲಸದ ದಿನಗಳೂ ಹೆಚ್ಚಾದವು. ಜನ ಸೋಮಾರಿ ಆಗಿದ್ದರೆ ಹೀಗೆ ಆಗ್ತಿರಲಿಲ್ಲ. ಯಾಕೆ ಹೀಗಾಯ್ತು? ಒಂದು ಊರಲ್ಲಿ ಕೆಲಸ ಕೊಡೋರು ನಾಲ್ಕೇ ಮಂದಿ ಇದ್ದಾಗ ಕೂಲಿ ನಿಗದಿ ಮಾಡೋರೂ ಅವರೇ. ಆಳಿಗೆ ಇನ್ನೊಂದು ದಾರಿ ಇದೆ ಅಂತಾದರೆ ಕೂಲಿ ಏರಿಸಬೇಕಾಗ್ತದೆ, ಏರಿಸಿದ ಮೇಲೆ ಮನೆಯಲ್ಲಿದ್ದವರೂ ಕೆಲಸಕ್ಕೆ ಬರ್ತಾರೆ. ಭೂಮಿ ಕೆಲವರ ಕೈಯಲ್ಲೇ ಇರೋ ಊರುಗಳಲ್ಲಿ ಕೆಲಸ ಇನ್ನೂ ಹೆಚ್ಚಾಗಿದ್ದು ಇದಕ್ಕೆ ಹೊಂದಿಕೆಯಾಗ್ತದೆ.

ಹಾಗಾದ್ರೆ ಅಪ್ಪ ಪೂರಾ ತಪ್ಪಾ? ಇಲ್ಲ. ಅದೇ ಲೇಖನ ಹೇಳೋ ಪ್ರಕಾರ ಜಮೀನಿನಿಂದ ಬರೋ ಆದಾಯ ಇಳಿಯಿತು. ಅಪ್ಪನಿಗೆ ಆದ ನೋವು ನಿಜ, ಅವರು ಹೇಳಿದ ಕಾರಣ ತಪ್ಪು. ಇದನ್ನ ಮೊದಲ ಸಲ ಓದಿದಾಗ ನನಗೆ ನಾಚಿಕೆ ಆಯ್ತು. ಅಷ್ಟು ವರ್ಷ ಅವರ ಕಾರಣವನ್ನ ಅಲ್ಲಗಳೆಯೋ ಭರದಲ್ಲಿ ಅವರ ನೋವನ್ನೂ ಅಲ್ಲಗಳೆದಿದ್ದೆ.

3. ದೂರು ತಾನಾಗಿ ಬರ್ತದೆ, ಪುರಾವೆಯನ್ನ ಕರೆತರಬೇಕು

ಸ್ಮಾರ್ಟ್‌ಕಾರ್ಡಿನ ಕಥೆಯಲ್ಲಿ ಇನ್ನೊಂದು ಘಟ್ಟ ಇದೆ. ಒಂದು ಹಂತದಲ್ಲಿ ಸರ್ಕಾರ ಈ ಕಾರ್ಡನ್ನೇ ಕೈಬಿಡೋ ಹಂತಕ್ಕೆ ಬಂದಿತ್ತು. ಕೆಳಗಿನಿಂದ ಬರ್ತಿದ್ದ ಸುದ್ದಿ ಬರೀ ದೂರು. ಹೊಸ ವ್ಯವಸ್ಥೆಯಲ್ಲಿ ಮಾಮೂಲು ತಪ್ಪಿದವರಿಗೆ ಮೇಲಿನವರ ಹತ್ತಿರ ಹೋಗೋ ದಾರಿ ಗೊತ್ತಿತ್ತು. ಕೂಲಿ ಬೇಗ ಬಂತು ಅಂತ ಹೇಳೋಕೆ ಯಾವ ಹೆಣ್ಣುಮಗಳೂ ಹೈದರಾಬಾದಿಗೆ ಹೋಗಲಿಲ್ಲ. ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳಿದಾಗ ಮಾತ್ರ, ಬಹುಪಾಲು ಜನ ಹೊಸದೇ ಬೇಕು ಅಂದದ್ದು ಗೊತ್ತಾಯ್ತು. ಕಾರ್ಡ್ ಉಳಿಯೋಕೆ ಆ ಅಂಕಿ ನೆರವಾಯ್ತು.

ಇದನ್ನ 1877ರ ಪಕ್ಕದಲ್ಲಿ ಇಟ್ಟು ನೋಡಿ. ಆಗಲೂ ಖರ್ಚಿನ ಬಗ್ಗೆ ಆತಂಕ ತಾನಾಗಿ ಕಲ್ಕತ್ತಾ, ಲಂಡನ್ ಮುಟ್ಟಿತು. ಶಿಬಿರದ ಸಾವನ್ನ ಯಾರೋ ಎಣಿಸಿ ಕಳಿಸಬೇಕಾಯ್ತು. ನಾನು ಹೇಳಬೇಕು ಅಂದ್ಕೊಂಡಿರೋದು ಇಷ್ಟೇ: ಸಾರ್ವಜನಿಕ ಹಣದ ವಾದದಲ್ಲಿ ನಂಬಿಕೆಗೂ ಪುರಾವೆಗೂ ಸಮಾನ ಅಖಾಡ ಇರೋದಿಲ್ಲ. ಅಧಿಕಾರಕ್ಕೆ ಹತ್ತಿರ ಇರೋರ ಅನುಭವ ತಾನಾಗಿಯೇ 'ಎಲ್ಲರಿಗೂ ಗೊತ್ತಿರೋ ಸತ್ಯ' ಆಗಿಬಿಡ್ತದೆ. ದೂರ ಇರೋರದ್ದು, ಯಾರಾದರೂ ಹೋಗಿ ಎಣಿಸೋವರೆಗೆ, ಇಲ್ಲ ಅಂತಲೇ ಲೆಕ್ಕ.

ಪ್ರಶ್ನೋತ್ತರ

ಒಬ್ಬ ಅಧ್ಯಾಪಕರು: ನಿಮ್ಮ ಎರಡೂ ಉದಾಹರಣೆ ಖರ್ಚು ಮಾಡಬೇಕು ಅನ್ನೋ ಕಡೆಗೇ ವಾಲ್ತವೆ. ಇದೂ ಆಯ್ಕೆ ಮಾಡಿಕೊಂಡ ಪುರಾವೆ ಅಲ್ವಾ?

ನ್ಯಾಯವಾದ ಪ್ರಶ್ನೆ ಸರ್. ಅದಕ್ಕೇ ಒಂದು ವಿರುದ್ಧ ಉದಾಹರಣೆ ಕೊಡ್ತೀನಿ. ಮುರಳೀಧರನ್, ನೀಹಾಸ್, ಸುಖ್ತಂಕರ್ ಮೂವರೂ ಜಾರ್ಖಂಡ್‌ನ ಪಡಿತರ ಅಂಗಡಿಗಳ ಆಧಾರ್ ಬೆರಳಚ್ಚನ್ನೂ ಪರೀಕ್ಷೆ ಮಾಡಿದರು. ಅಲ್ಲಿ ಮೊದಲ ಹಂತದಲ್ಲಿ ಸೋರಿಕೆ ಇಳಿಯಲಿಲ್ಲ. ಆಧಾರ್ ಜೋಡಿಸದ ಕಾರ್ಡುಗಳವರಿಗೆ ಸಿಗೋ ರೇಷನ್ ಕಮ್ಮಿ ಆಯ್ತು. ಆಂಧ್ರದಲ್ಲಿ ಕಾರ್ಡ್ ಇಲ್ಲದವರಿಗೂ ಹಳೆ ದಾರಿಯಲ್ಲಿ ಹಣ ಕೊಡ್ತಿದ್ದರು ಅನ್ನೋದು ದೊಡ್ಡ ವ್ಯತ್ಯಾಸ. ಹಾಗಾಗಿ 'ಯಂತ್ರ ಒಳ್ಳೇದು' ಅಂತಲೂ, 'ಯಂತ್ರ ಕೆಟ್ಟದ್ದು' ಅಂತಲೂ ಒಂದೇ ಮಾತಲ್ಲಿ ಹೇಳೋಕೆ ಈ ಪುರಾವೆ ಬಿಡೋದಿಲ್ಲ.

ಒಬ್ಬ ವಿದ್ಯಾರ್ಥಿನಿ: ಹಾಗಾದ್ರೆ ಪುರಾವೆ ಸಿಕ್ಕ ಮೇಲೆ ರಾಜಕೀಯ ಬೇಡವಾ ಅಕ್ಕ?

ಬೇಕು. ಜನ ಹೊಲದ ಕೆಲಸ ಬಿಟ್ಟರಾ ಅನ್ನೋದು ಎಣಿಸಿ ನೋಡಬಹುದಾದ ಪ್ರಶ್ನೆ. ಆದ್ರೆ ಚಿಕ್ಕವ್ವನ ಕೂಲಿ ಏರಿ ಅಪ್ಪನ ಹತ್ತಿಯ ಲಾಭ ಇಳಿದರೆ, ಆ ಭಾರ ಅಪ್ಪನೇ ಹೊರಬೇಕಾ, ಹತ್ತಿ ಬೆಲೆಯ ಮೂಲಕ ಎಲ್ಲರೂ ಹಂಚಿಕೊಳ್ಳಬೇಕಾ ಅನ್ನೋದು ಎಣಿಕೆಯಿಂದ ತೀರೋದಲ್ಲ, ಅದು ನ್ಯಾಯದ ಪ್ರಶ್ನೆ. ಅಲ್ಲಿ ರಾಜಕೀಯ ಇರಲೇಬೇಕು. ನಮ್ಮ ತಪ್ಪು ಏನಂದ್ರೆ, ಎರಡನೇ ಪ್ರಶ್ನೆಯ ಸಿಟ್ಟನ್ನ ಮೊದಲನೇ ಪ್ರಶ್ನೆಯ ಉತ್ತರದ ಮೇಲೆ ತೀರಿಸಿಕೊಳ್ತೀವಿ.

ಕಳೆದ ಸಲ ಊರಿಗೆ ಹೋದಾಗ ಈ ಲೆಕ್ಕವನ್ನ ಅಪ್ಪನ ಮುಂದೆ ಇಟ್ಟೆ. ಮೊದಲು "ನಿಮ್ಮ ಜಮೀನಿನ ಆದಾಯ ಇಳಿದಿರೋದು ಹೌದಂತೆ" ಅಂದೆ. ಅಷ್ಟು ವರ್ಷದಲ್ಲಿ ಅವರು ನನ್ನ ಮಾತನ್ನ ಕೊನೇವರೆಗೆ ಕೇಳಿದ್ದು ಅದೇ ಮೊದಲು. ಕೊನೆಗೆ ಅವರು ಕೇಳಿದ್ದು ಒಂದೇ: "ಅವರು ಮನೆಮನೆಗೆ ಹೋದ್ರಲ್ಲ, ನಮ್ಮಂಥೋರ ಮನಿಗೂ ಬಂದಿದ್ರೇನು?" ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ ಅಂತ ನನಗನಿಸ್ತು. ಅಲ್ಲಿಂದ ನಮ್ಮ ಮಾತುಕತೆ ಶುರುವಾಗಿದೆ.