ಎರವಲು ತಂದ ಪುಸ್ತಕ

ರಾತ್ರಿಯ ಊಟ ಮುಗಿಸಿ ರೇಡಿಯೋದ ಮುಂದೆ ಕುಳಿತಿದ್ದೀರಿ. ಯಾರೋ ವಿದ್ವಾಂಸರು ಒಂದು ಪುಸ್ತಕದ ಪರಿಚಯ ಮಾಡಿಕೊಡುತ್ತಿದ್ದಾರೆ. ಅವರ ಮಾತು ಮುಗಿಯುವ ಹೊತ್ತಿಗೆ ಆ ಪುಸ್ತಕವನ್ನು ಓದಬೇಕೆಂಬ ಆಸೆ ನಿಮ್ಮಲ್ಲಿ ಹುಟ್ಟುತ್ತದೆ. ಕೈಗೆ ಸಿಕ್ಕಿದ ಹಾಲಿನ ಲೆಕ್ಕದ ಚೀಟಿಯ ಬೆನ್ನಿನ ಮೇಲೆ ಹೆಸರನ್ನು ಬರೆದುಕೊಳ್ಳುತ್ತೀರಿ. ಮರುದಿನ ಊರಿನ ಅಂಗಡಿಯಲ್ಲಿ ವಿಚಾರಿಸಿದರೆ ಅಲ್ಲಿರುವುದು ಶಾಲೆಯ ಪಠ್ಯಪುಸ್ತಕಗಳು ಮತ್ತು ನೋಟುಪುಸ್ತಕಗಳು ಮಾತ್ರ. ತಿಂಗಳ ಕೊನೆಗೆ ಹಾಲಿನ ಲೆಕ್ಕ ತೀರುತ್ತದೆ. ಚೀಟಿಯ ಜೊತೆಗೆ ಪುಸ್ತಕದ ಹೆಸರೂ ಕಸದ ಬುಟ್ಟಿಗೆ ಸೇರುತ್ತದೆ.

ನಿಮ್ಮ ಊರಿನಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಿದೆಯೆಂಬುದು ನಿಮಗೆ ಗೊತ್ತು. ಬೆಳಗ್ಗೆ ನಿವೃತ್ತರು ಅಲ್ಲಿ ಕುಳಿತು ಪತ್ರಿಕೆ ಓದುವುದನ್ನು ನೋಡಿದ್ದೀರಿ. ನೀವೂ ಒಂದೆರಡು ಸಲ ಹೋಗಿ ವಾರಪತ್ರಿಕೆಗಳನ್ನು ತಿರುವಿಹಾಕಿ ಬಂದಿರಬಹುದು. ಆದರೆ ಒಳಕೋಣೆಯ ಬೀರುಗಳವರೆಗೆ ಹೋಗುವವರು ಕಡಮೆ. ಅಲ್ಲಿಂದ ಪುಸ್ತಕವನ್ನು ಮನೆಗೆ ತರುವವರು ಇನ್ನೂ ಕಡಮೆ. ಕಾರಣ ಕೇಳಿದರೆ, "ಅಯ್ಯೋ, ಠೇವಣಿಯಂತೆ, ಜಾಮೀನಂತೆ, ದಂಡವಂತೆ! ಆ ತೊಂದರೆ ಯಾರಿಗೆ ಬೇಕು?" ಎನ್ನುತ್ತಾರೆ. ಈ ನಿಯಮಗಳೆಲ್ಲ ಏಕಿವೆ, ಅವುಗಳಿಂದ ನಿಮಗೇನು ಅನುಕೂಲ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಆ ಗ್ರಂಥಾಲಯ ಯಾರದು ಎಂಬುದನ್ನು ನೋಡೋಣ. ಮನೆಕಂದಾಯ ಕಟ್ಟಿದ ರಸೀದಿಯನ್ನು ಒಮ್ಮೆ ತೆಗೆದು ಓದಿರಿ. ಕಂದಾಯದ ಮೊತ್ತದ ಕೆಳಗೆ ಕೆಲವು ಉಪಕರಗಳಿರುತ್ತವೆ: ಆರೋಗ್ಯ ಕರ, ಭಿಕ್ಷುಕರ ಪರಿಹಾರದ ಕರ, ಮತ್ತು ಇವುಗಳ ನಡುವೆ ಗ್ರಂಥಾಲಯ ಕರ. ಕಂದಾಯದ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯಕ್ಕೆ ಸಲ್ಲುತ್ತದೆ. ವರ್ಷಕ್ಕೆ 2,000 ರೂಪಾಯಿ ಕಂದಾಯ ಕಟ್ಟುವ ಮನೆಯವರು ಗ್ರಂಥಾಲಯಕ್ಕೆಂದು 120 ರೂಪಾಯಿ ಕೊಟ್ಟಂತಾಯಿತು. ಬಾಡಿಗೆ ಮನೆಯವರ ಬಾಡಿಗೆಯಲ್ಲಿಯೂ ಇದರ ಪಾಲು ಸೇರಿಯೇ ಇರುತ್ತದೆ. 1965ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ರಚಿತವಾಗಿ, 1966ರ ನವೆಂಬರ್ 1ರಂದು ಜಾರಿಗೆ ಬಂದಿತು. ಆ ಕಾನೂನಿನ ಪ್ರಕಾರ ಪುರಸಭೆಗಳು ವಸೂಲು ಮಾಡಿದ ಈ ಉಪಕರವನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಆದುದರಿಂದ ಗ್ರಂಥಾಲಯದ ಬಾಗಿಲಲ್ಲಿ ಸಂಕೋಚಪಟ್ಟು ನಿಲ್ಲಬೇಕಾದ ಕಾರಣವಿಲ್ಲ. ಅಲ್ಲಿಯ ಪುಸ್ತಕಗಳಿಗೆ ನೀವು ಆಗಲೇ ಹಣ ಕೊಟ್ಟಿದ್ದೀರಿ; ತಂದು ಓದುವುದಷ್ಟೇ ಬಾಕಿ.

ಸದಸ್ಯರಾಗುವ ಕ್ರಮ ಕಷ್ಟದ್ದಲ್ಲ. ಗ್ರಂಥಪಾಲರನ್ನು ಕೇಳಿ ಅರ್ಜಿಯ ನಮೂನೆಯನ್ನು ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಹೆಸರು ಮತ್ತು ವಿಳಾಸವನ್ನು ತುಂಬಬೇಕು. ವಿಳಾಸಕ್ಕೆ ಆಧಾರ ತೋರಿಸಬೇಕು. ಕೆಲವು ಕಡೆ ನಿಮ್ಮನ್ನು ಬಲ್ಲವರೊಬ್ಬರ ರುಜು ಬೇಕಾಗುತ್ತದೆ. ಜೊತೆಗೆ ಒಂದು ಸಣ್ಣ ಠೇವಣಿ ಇಡಬೇಕು. ಠೇವಣಿ ಎಷ್ಟು, ಒಂದು ಸಲಕ್ಕೆ ಎಷ್ಟು ಪುಸ್ತಕ, ಎಷ್ಟು ದಿನ, ತಡವಾದರೆ ದಿನಕ್ಕೆ ಎಷ್ಟು ದಂಡ ಎಂಬುವು ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ನಿಮ್ಮ ಊರಿನ ನಿಯಮವನ್ನು ಅಲ್ಲಿಯ ಫಲಕದ ಮೇಲೆ ನೋಡಿಕೊಳ್ಳಿ. ವಾರದ ರಜಾದಿನವನ್ನೂ ಪುಸ್ತಕ ಕೊಡುವ ವೇಳೆಯನ್ನೂ ಅದೇ ಫಲಕದಿಂದ ಗುರುತು ಹಾಕಿಕೊಂಡರೆ, ಬಿಸಿಲಿನಲ್ಲಿ ನಡೆದು ಹೋಗಿ ಮುಚ್ಚಿದ ಬಾಗಿಲನ್ನು ನೋಡಿ ಬರುವುದು ತಪ್ಪುತ್ತದೆ.

ಠೇವಣಿಯನ್ನು ಶುಲ್ಕವೆಂದು ಭಾವಿಸುವವರಿದ್ದಾರೆ. ಅದು ಶುಲ್ಕವಲ್ಲ; ನೀವು ಸದಸ್ಯತ್ವ ಬಿಡುವಾಗ, ಪುಸ್ತಕಗಳ ಬಾಕಿ ಇಲ್ಲದಿದ್ದರೆ, ವಾಪಸು ಬರುವ ಹಣ. ರಸೀದಿಯನ್ನು ಜೋಪಾನವಾಗಿಟ್ಟಿರಿ. ಊರಿಂದ ಊರಿಗೆ ವರ್ಗವಾಗುವ ನೌಕರರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಇನ್ನೊಂದು ಮಾತು: ಈ ಠೇವಣಿ ಒಂದು ದಪ್ಪ ಪುಸ್ತಕದ ಬೆಲೆಗೂ ಸಾಲದೆ ಹೋಗಬಹುದು. ಗ್ರಂಥಾಲಯದವರಿಗೆ ಇದು ತಿಳಿಯದ ಸಂಗತಿಯಲ್ಲ. ಉಳಿದ ಭಾಗಕ್ಕೆ ಅವರು ನಿಮ್ಮ ಮಾತನ್ನೇ ಒತ್ತೆಯಾಗಿ ಇಟ್ಟುಕೊಳ್ಳುತ್ತಾರೆ.

ಇನ್ನು ಪುಸ್ತಕವನ್ನು ಹುಡುಕುವ ಬಗೆ. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಕೆಲವು ಅಂಕೆಗಳಿರುತ್ತವೆ. ಅನೇಕ ಗ್ರಂಥಾಲಯಗಳು ಅನುಸರಿಸುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವನ್ನು. ಇದರಲ್ಲಿ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ ಒಂದೊಂದಕ್ಕೂ ನೂರು ಅಂಕೆಗಳನ್ನು ಕೊಟ್ಟಿದೆ. 500ರಿಂದ ವಿಜ್ಞಾನ ಆರಂಭವಾಗುತ್ತದೆ. ವೈದ್ಯಕ್ಕೆ 610, ಬೇಸಾಯಕ್ಕೆ 630, ಅಡಿಗೆಯೇ ಮೊದಲಾದ ಗೃಹಕೃತ್ಯಕ್ಕೆ 640. ಸಾಹಿತ್ಯ 800ರಲ್ಲಿದೆ, ಚರಿತ್ರೆ ಮತ್ತು ಭೂಗೋಳ 900ರಲ್ಲಿವೆ. ಕನ್ನಡ ಸಾಹಿತ್ಯದ ಅಂಕೆ 894.814. ಇದಕ್ಕೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕತೆ ಕಾದಂಬರಿ. ಈ ಒಂದು ಅಂಕೆಯನ್ನು ನೆನಪಿಟ್ಟುಕೊಂಡರೆ ಬೇರೆ ಊರಿನ ಗ್ರಂಥಾಲಯಕ್ಕೆ ಹೋದಾಗಲೂ ನೀವು ಯಾರನ್ನೂ ಕೇಳದೆ ಕನ್ನಡ ಪುಸ್ತಕಗಳ ಬೀರುವಿನ ಮುಂದೆ ನಿಲ್ಲಬಹುದು.

ನೋಡಿದ ಪುಸ್ತಕ ಬೇಡವಾದರೆ ತೋರಿದ ಕಡೆ ತುರುಕಬೇಡಿ. ಮೇಜಿನ ಮೇಲೆ ಇಟ್ಟುಬಿಡಿ. ಸ್ಥಾನ ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮಾನ. ಬೇಸಾಯದ ಪುಸ್ತಕವೊಂದು ಪುರಾಣಗಳ ಸಾಲಿನಲ್ಲಿ ಸೇರಿಹೋದರೆ, ಅದನ್ನು ಹುಡುಕಿಕೊಂಡು ಬಂದ ರೈತರು ಬರಿಗೈಯಲ್ಲಿ ಹೋಗುತ್ತಾರೆ.

ಬೇಕಾದ ಪುಸ್ತಕ ಸಿಕ್ಕಿತು. ಅದನ್ನು ಮನೆಗೆ ಒಯ್ಯುವಾಗ ಗ್ರಂಥಪಾಲರ ಮೇಜಿನ ಮೇಲೆ ಏನು ನಡೆಯುತ್ತದೆಂಬುದನ್ನು ಗಮನಿಸಿರಿ. ಹಳೆಯ ಪದ್ಧತಿಯ ಗ್ರಂಥಾಲಯಗಳಲ್ಲಿ ನಿಮಗೆ ಎಷ್ಟು ಪುಸ್ತಕಗಳ ಹಕ್ಕುಂಟೋ ಅಷ್ಟು ವಾಚಕರ ಚೀಟಿಗಳನ್ನು ಕೊಟ್ಟಿರುತ್ತಾರೆ. ಒಂದೊಂದು ಚೀಟಿಯೂ ಒಂದು ಪುಟ್ಟ ಲಕೋಟೆಯಂತೆ ಇರುತ್ತದೆ. ಪುಸ್ತಕದ ರಟ್ಟಿನ ಒಳಗೂ ಒಂದು ಜೇಬು, ಅದರಲ್ಲಿ ಆ ಪುಸ್ತಕದ ಕಾರ್ಡು. ಗ್ರಂಥಪಾಲರು ಕಾರ್ಡನ್ನು ತೆಗೆದು ನಿಮ್ಮ ಚೀಟಿಯೊಳಗೆ ಸೇರಿಸುತ್ತಾರೆ. ಪುಸ್ತಕಕ್ಕೆ ಅಂಟಿಸಿದ ತಾರೀಖಿನ ಹಾಳೆಯ ಮೇಲೆ ವಾಪಸು ಕೊಡಬೇಕಾದ ದಿನದ ಮೊಹರು ಒತ್ತುತ್ತಾರೆ. ಕಾರ್ಡು ಸೇರಿದ ಚೀಟಿಯನ್ನು ಅದೇ ತಾರೀಖಿನ ಸಾಲಿನಲ್ಲಿ ಇಡುತ್ತಾರೆ. ಪುಸ್ತಕ ನಿಮ್ಮ ಮನೆಯಲ್ಲಿರುವಷ್ಟು ಕಾಲ ನಿಮ್ಮ ಚೀಟಿ ಅವರ ಬಳಿ ಇರುತ್ತದೆ. ನೀವು ಪುಸ್ತಕವನ್ನು ಹಿಂದಕ್ಕೆ ತಂದಾಗ, ಅವರು ಮೊಹರಿನ ತಾರೀಖು ನೋಡಿ ಆ ಸಾಲಿನಿಂದ ಚೀಟಿಯನ್ನು ಹುಡುಕಿ, ಕಾರ್ಡನ್ನು ಪುಸ್ತಕಕ್ಕೂ ಚೀಟಿಯನ್ನು ನಿಮಗೂ ಮರಳಿಸುತ್ತಾರೆ. ಆ ಚೀಟಿಯೇ ನಿಮಗೆ ರಸೀದಿ. ಅದನ್ನು ಪಡೆಯದೆ ಬರಬೇಡಿ. ಅದನ್ನು ಬೇರೆಯವರ ಕೈಗೆ ಕೊಡಲೂ ಬೇಡಿ. ಅವರು ಒಯ್ದ ಪುಸ್ತಕಕ್ಕೆ ನೀವು ಹೊಣೆಯಾಗುತ್ತೀರಿ.

ತಾರೀಖಿನ ಹಾಳೆಯನ್ನು ಮಗು ಹರಿದುಹಾಕಿದರೆ ಗ್ರಂಥಪಾಲರು ಏಕೆ ಸಿಡುಕುತ್ತಾರೆಂಬುದು ಈಗ ತಿಳಿಯಿತಲ್ಲವೆ? ತಾರೀಖು ಗೊತ್ತಿಲ್ಲದಿದ್ದರೆ ಅವರು ಎಲ್ಲ ಸಾಲುಗಳನ್ನೂ ಹುಡುಕಬೇಕು. ಕಂಪ್ಯೂಟರು ಬಂದಿರುವ ಗ್ರಂಥಾಲಯಗಳಲ್ಲಿ ಈ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಅಲ್ಲಿಯೂ ಲೆಕ್ಕವಿಡುವುದು ಮೂರೇ ವಿಷಯಕ್ಕೆ: ಯಾವ ಪುಸ್ತಕ, ಯಾರ ಬಳಿ, ಯಾವ ದಿನದವರೆಗೆ.

ಈ ಮೂರರಲ್ಲಿ ದಿನದ ಲೆಕ್ಕವೇ ಎಲ್ಲರಿಗೂ ಬೇಸರ ತರುವಂಥದು. ಒಂದು ಉದಾಹರಣೆ ನೋಡಿ. ಗ್ರಂಥಾಲಯದಲ್ಲಿ ಒಂದು ಒಳ್ಳೆಯ ಕಾದಂಬರಿಯ ಒಂದೇ ಪ್ರತಿ ಇದೆ. ಗಡುವು 14 ದಿನ ಎಂದಿಟ್ಟುಕೊಳ್ಳಿ. ಎಲ್ಲರೂ ಸರಿಯಾದ ದಿನಕ್ಕೆ ವಾಪಸು ಕೊಟ್ಟರೆ ವರ್ಷದಲ್ಲಿ 26 ಮನೆಗಳು ಅದನ್ನು ಓದಬಹುದು. ಪ್ರತಿಯೊಬ್ಬರೂ ಒಂದೇ ಒಂದು ವಾರ ತಡ ಮಾಡಿದರೂ ಆ ಸಂಖ್ಯೆ 17ಕ್ಕೆ ಇಳಿಯುತ್ತದೆ. ಒಂಬತ್ತು ಮನೆಗಳಿಗೆ ಪುಸ್ತಕ ತಲಪಲೇ ಇಲ್ಲ. ಆ ಒಂಬತ್ತು ಮನೆಯವರು ಯಾರೆಂದು ನಿಮಗೆ ಗೊತ್ತಾಗುವುದಿಲ್ಲ, ಅವರು ಬಂದು ನಿಮ್ಮನ್ನು ಕೇಳುವುದೂ ಇಲ್ಲ. ಅವರ ಪರವಾಗಿ ಕೇಳುವುದು ಆ ದಂಡದ ಚಿಲ್ಲರೆ ಕಾಸು ಮಾತ್ರ.

ತಡವಾಗುವುದು ಹೇಗೆಂಬುದೂ ನಮಗೆಲ್ಲ ತಿಳಿದದ್ದೇ. ಯಜಮಾನರು ಪುಸ್ತಕ ತಂದರು; ಓದಿ ಮುಗಿಸಿದರು. "ನಾನೂ ಒಂದು ಸಲ ನೋಡಿಕೊಡುತ್ತೇನೆ" ಎಂದು ಅತ್ತಿಗೆ ತೆಗೆದುಕೊಂಡರು. ಅಷ್ಟರಲ್ಲಿ ತೌರಿನಿಂದ ಕರೆ ಬಂತು, ಪುಸ್ತಕವೂ ಅವರ ಪೆಟ್ಟಿಗೆಯಲ್ಲಿ ಊರಿಗೆ ಹೋಯಿತು. ಅಲ್ಲಿ ಅವರ ತಂಗಿ ಓದಿದಳು. ಎರಡು ತಿಂಗಳು ಕಳೆದ ಮೇಲೆ ಗ್ರಂಥಾಲಯದ ಜ್ಞಾಪನಪತ್ರ ಬಂದಾಗ ಮನೆಯಲ್ಲಿ ಎಲ್ಲರಿಗೂ ಸಂಕೋಚ. ಇಷ್ಟು ತಡವಾದ ಮೇಲೆ ಯಾವ ಮುಖವಿಟ್ಟುಕೊಂಡು ಹೋಗುವುದೆಂದು ಇನ್ನೆರಡು ತಿಂಗಳು ಹಾಗೆಯೇ ಕಳೆಯುತ್ತವೆ. ಕೊನೆಗೆ ಪುಸ್ತಕವೂ ಅಲ್ಲೇ ಉಳಿಯುತ್ತದೆ, ನೀವೂ ಗ್ರಂಥಾಲಯದ ಬೀದಿಯನ್ನೇ ಬಿಟ್ಟು ಓಡಾಡುತ್ತೀರಿ. ಒಂದು ಪುಸ್ತಕದ ಸಂಕೋಚಕ್ಕಾಗಿ ಸಾವಿರಾರು ಪುಸ್ತಕಗಳನ್ನು ಬಿಟ್ಟುಕೊಟ್ಟಂತಾಯಿತು. ಇಂತಹ ಪುಸ್ತಕವೇನಾದರೂ ನಿಮ್ಮ ಮನೆಯ ಅಟ್ಟದ ಮೇಲೋ ಪೆಟ್ಟಿಗೆಯಲ್ಲೋ ಇದ್ದರೆ ನಾಳೆಯೇ ಒಯ್ದು ಕೊಡಿ. ದಂಡ ಕಟ್ಟಬೇಕಾದರೆ ಕಟ್ಟಿ. ಕಳೆದುಹೋದ ಪುಸ್ತಕ ಮರಳಿ ಬಂದಾಗ ಸಂತೋಷಪಡದ ಗ್ರಂಥಪಾಲರಿರಲಾರರು.

ಓದಿ ಮುಗಿಯದಿದ್ದರೆ ಅದಕ್ಕೂ ದಾರಿಯಿದೆ. ಗಡುವಿನೊಳಗೆ ಹೋಗಿ ಕೇಳಿದರೆ, ಬೇರೆ ಯಾರೂ ಅದೇ ಪುಸ್ತಕಕ್ಕಾಗಿ ಕಾದಿಲ್ಲದಿದ್ದರೆ, ಇನ್ನೊಂದು ಅವಧಿಗೆ ನವೀಕರಿಸಿ ಕೊಡುವುದು ವಾಡಿಕೆ. ನಿಮಗೆ ಬೇಕಾದ ಪುಸ್ತಕ ಇನ್ನೊಬ್ಬರ ಬಳಿ ಇದ್ದರೆ, ಅದು ಬಂದೊಡನೆ ನಿಮಗಾಗಿ ತೆಗೆದಿಡುವಂತೆ ಗ್ರಂಥಪಾಲರಿಗೆ ಹೇಳಿಟ್ಟಿರಿ. ನಿಘಂಟು, ವಿಶ್ವಕೋಶ, ಭೂಪಟಗಳಂಥ ಪರಾಮರ್ಶನ ಗ್ರಂಥಗಳನ್ನು ಮಾತ್ರ ಮನೆಗೆ ಕೊಡುವುದಿಲ್ಲ. ಅವು ಐದು ನಿಮಿಷ ನೋಡುವ ಪುಸ್ತಕಗಳು. ಒಬ್ಬರ ಮನೆಗೆ ಹೋದರೆ ಊರಿಗೇ ಇಲ್ಲವಾಗುತ್ತವೆ. ಒಂದು ನೋಟುಪುಸ್ತಕ ತೆಗೆದುಕೊಂಡು ಹೋಗಿ, ಅಲ್ಲಿಯೇ ಕುಳಿತು ಬರೆದುಕೊಳ್ಳಿ.

ಪುಸ್ತಕ ಮನೆಯಲ್ಲಿರುವಾಗ ಅಡಿಗೆಮನೆಯಿಂದ ದೂರವಿಡಿ. ಅರಿಶಿನ ಎಣ್ಣೆಗಳ ಕಲೆ ಹೋಗುವುದಿಲ್ಲ. ಗುರುತಿಗೆ ಹಾಳೆಯ ಮೂಲೆ ಮಡಿಸುವ ಬದಲು ಒಂದು ಕಾಗದದ ತುಂಡು ಇಡಿ. ಸೊಗಸಾದ ಮಾತಿಗೆ ಗೆರೆ ಎಳೆಯುವ ಆಸೆಯನ್ನು ತಡೆದುಕೊಳ್ಳಿ. ಮುಂದೆ ಓದುವವರು ತಮಗೆ ಸೊಗಸೆನಿಸಿದ್ದನ್ನು ತಾವೇ ಕಂಡುಕೊಳ್ಳಲಿ. ಹಾಳೆ ಹರಿದರೆ ಅಂಟುಪಟ್ಟಿ ಹಚ್ಚಬೇಡಿ. ಕಾಲಕ್ರಮದಲ್ಲಿ ಅದು ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ಹರಿದಿದೆ ಎಂದು ಹೇಳಿ ಕೊಟ್ಟರೆ ಸಾಕು. ಪುಸ್ತಕ ಕಳೆದೇಹೋದರೆ ಮುಚ್ಚಿಡದೆ ಹೋಗಿ ತಿಳಿಸಿ. ಸಾಮಾನ್ಯವಾಗಿ ಅದೇ ಪುಸ್ತಕದ ಬೇರೆ ಪ್ರತಿಯನ್ನೋ ಅದರ ಬೆಲೆಯನ್ನೋ ಕೊಟ್ಟು ಬಗೆಹರಿಸಿಕೊಳ್ಳಬಹುದು.

ಭಾರತದ ಗ್ರಂಥಾಲಯಗಳಿಗೆ ದಾರಿ ತೋರಿಸಿದ ಡಾ. ಎಸ್. ಆರ್. ರಂಗನಾಥನ್ ಅವರು 1957ರಿಂದ ಬೆಂಗಳೂರಿನಲ್ಲಿ ನೆಲೆಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿದರು. ಪುಸ್ತಕದ ಬೆಲೆ ಅದರ ಬಳಕೆಯಲ್ಲಿದೆ ಎಂಬುದು ಮೊದಲನೆಯದರ ತಾತ್ಪರ್ಯ. ಹಿಂದೆ ಯೂರೋಪಿನ ಕೆಲವು ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಬೀರುವಿಗೆ ಬಿಗಿದಿಡುತ್ತಿದ್ದರು. ಕಳೆಯಬಾರದೆಂಬುದೇ ಆಗಿನ ಚಿಂತೆ. ಆ ಸರಪಳಿಯನ್ನು ಬಿಚ್ಚಿ ಪುಸ್ತಕವನ್ನು ನಿಮ್ಮ ಕೈಗೆ ಕೊಡಲು ಸಾಧ್ಯವಾದದ್ದು ಈ ಚೀಟಿ, ಠೇವಣಿ, ತಾರೀಖುಗಳ ಏರ್ಪಾಡಿನಿಂದ.

ಗ್ರಂಥಾಲಯದಲ್ಲಿ ನೀವು ಬಯಸಿದ ಪುಸ್ತಕವೇ ಇಲ್ಲದಿರಬಹುದು. ಗೊಣಗಿಕೊಂಡು ಬರುವ ಬದಲು ಪುಸ್ತಕದ ಹೆಸರು, ಕರ್ತೃ, ಪ್ರಕಾಶಕರ ಹೆಸರುಗಳನ್ನು ಬರೆದುಕೊಟ್ಟು ತರಿಸುವಂತೆ ಕೇಳಿ. ಯಾರೂ ಕೇಳದಿದ್ದರೆ ಊರಿಗೆ ಏನು ಬೇಕೆಂಬುದು ಕೊಳ್ಳುವವರಿಗೆ ಹೇಗೆ ತಿಳಿಯಬೇಕು? ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಮನೆಯ ಹೆಂಗಸರಿಗೂ ಬೇರೆ ಬೇರೆ ಸದಸ್ಯತ್ವ ಮಾಡಿಸಿ. ಆಗ ಅತ್ತಿಗೆ ತಮ್ಮ ಚೀಟಿಯಲ್ಲಿಯೇ ತಮಗೆ ಬೇಕಾದುದನ್ನು ತರಬಹುದು.

ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ದೇಶದಲ್ಲಿ ಗ್ರಂಥಾಲಯ ಸಪ್ತಾಹ ನಡೆಯುತ್ತದೆ. ಆದರೆ ನೀವು ಅಲ್ಲಿಯವರೆಗೆ ಕಾಯಬೇಕಾದುದಿಲ್ಲ. ಮುಂದಿನ ಸಲ ರೇಡಿಯೋದಲ್ಲಿ ಪುಸ್ತಕದ ಹೆಸರು ಕೇಳಿದಾಗ ಹಾಲಿನ ಚೀಟಿಯನ್ನು ಬಿಟ್ಟು ಒಂದು ಬೇರೆ ಕಾಗದದ ಮೇಲೆ ಬರೆದುಕೊಳ್ಳಿ. ಮರುದಿನ ಸಂಜೆ ಪೇಟೆಗೆ ಹೊರಟಾಗ ಆ ಕಾಗದ ಜೇಬಿನಲ್ಲಿರಲಿ. ಗ್ರಂಥಾಲಯ ಸಮೀಪದಲ್ಲಿಯೇ ಇದೆ.