ಚುಕ್ಕೆಯ ಹಿಂದೆ ಅಡಗಿದ್ದ ಕಲ್ಲು

ಡಾಲ್ಮೇಷಿಯನ್ ಮರಿ ಹುಟ್ಟುವಾಗ ಅದರ ಮೈಮೇಲೆ ಸಾಮಾನ್ಯವಾಗಿ ಒಂದೇ ಒಂದು ಚುಕ್ಕೆಯೂ ಇರುವುದಿಲ್ಲ! ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿರುತ್ತದೆ. ಹತ್ತು ಹನ್ನೆರಡು ದಿನ ಕಾಯಬೇಕು. ಆಮೇಲೆ ಯಾರೋ ಒಳಗಿನಿಂದ ಮಸಿ ಒತ್ತಿದಂತೆ ಒಂದೊಂದೇ ಕಪ್ಪು ಮೂಡತೊಡಗುತ್ತದೆ. ಇದೇ ದೊಡ್ಡ ಸೋಜಿಗ ಎಂದುಕೊಂಡಿದ್ದೆ. ಅಲ್ಲ. ನಿಜವಾದ ಸೋಜಿಗ ಇರುವುದು, ಹೇಳಲು ಸಂಕೋಚ, ಆ ನಾಯಿಯ ಮೂತ್ರದಲ್ಲಿ.

ಮಾಂಸ, ಬೇಳೆ ತಿಂದ ಮೈಯಲ್ಲಿ ಯೂರಿಕ್ ಆಮ್ಲ ಹುಟ್ಟುತ್ತದೆ. ನಾಯಿಯ ಲಿವರ್ ಅದನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಂಟೋಯಿನ್ ಮಾಡಿ ಸಾಗಹಾಕುತ್ತದೆ. ನಮಗೆ ಆ ಶಕ್ತಿ ಇಲ್ಲ; ಅದಕ್ಕೇ ನಮ್ಮಲ್ಲಿ ಕೆಲವರ ಕಾಲಿನ ಹೆಬ್ಬೆರಳ ಗೆಣ್ಣು ಬಾತು, ಗೌಟ್ ಎಂದು ನರಳುವುದು. 1916ರ ಹೊತ್ತಿಗೇ ಅಮೆರಿಕದ ಸ್ಟಾನ್ಲಿ ಬೆನೆಡಿಕ್ಟ್ ಒಂದು ವಿಚಿತ್ರ ಗಮನಿಸಿದ್ದರು: ಡಾಲ್ಮೇಷಿಯನ್ ನಾಯಿ ಯೂರಿಕ್ ಆಮ್ಲವನ್ನು ಹಾಗೇ ಹೊರಹಾಕುತ್ತದೆ, ಹೆಚ್ಚೂಕಡಿಮೆ ಮನುಷ್ಯರ ಹಾಗೆ! (ಹೌದು, ಪಿಯುಸಿ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಗೆಂದು ನಾವು ಕಾಯಿಸಿದ ಆ ನೀಲಿ ದ್ರಾವಣದ ಬೆನೆಡಿಕ್ಟೇ ಇವರು.) ಆ ಆಮ್ಲ ಹರಳುಗಟ್ಟಿದರೆ ಕಲ್ಲು. ಗಂಡು ನಾಯಿಯ ಮೂತ್ರನಾಳ ಕಿರಿದು. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಅದರ ಲಿವರ್‌ನಲ್ಲಿ ಆಮ್ಲವನ್ನು ಮುರಿಯುವ ಕಿಣ್ವವೇ ಇಲ್ಲವೇ? ಇದೆ! ಮಿಲ್ಲು ಸರಿಯಾಗಿದೆ, ಆದರೆ ಅದರ ಬಾಗಿಲು ತೆರೆಯುವುದಿಲ್ಲ, ಭತ್ತದ ಗಾಡಿ ಹೊರಗೇ ನಿಂತಿದೆ. ಯೂರಿಕ್ ಆಮ್ಲವನ್ನು ಜೀವಕೋಶದೊಳಕ್ಕೆ ಸಾಗಿಸುವ ಪ್ರೋಟೀನು ಕೆಟ್ಟಿದೆ. ಕಿಡ್ನಿಯಲ್ಲಿ ಸೋರಿದ ಆಮ್ಲವನ್ನು ಮರಳಿ ಎಳೆದುಕೊಳ್ಳಬೇಕಾದದ್ದೂ ಅದೇ ಪ್ರೋಟೀನು. ಒಂದು ಕದ ಕೆಟ್ಟು ಎರಡು ಮನೆಯ ಕೆಲಸ ನಿಂತಿತು.

ಇಷ್ಟಾದರೂ ಸಹಿಸಬಹುದಿತ್ತು. ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಬೇರೆ. ಈ ದೋಷ ಕೆಲವು ಡಾಲ್ಮೇಷಿಯನ್‌ಗಳಲ್ಲಿ ಇರುವುದಲ್ಲ. ಶುದ್ಧ ಪೆಡಿಗ್ರಿಯ ಅಷ್ಟೂ ನಾಯಿಗಳಲ್ಲಿ ಇತ್ತು. ಆ ಪ್ರೋಟೀನಿನ ವಂಶವಾಹಿಯ ಎರಡೂ ಪ್ರತಿ, ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ, ಕೆಟ್ಟವೇ!

ಇದು ಹೇಗಾಯಿತು ಎಂಬುದಕ್ಕೆ ಉತ್ತರ ಲೈನ್ ಬ್ರೀಡಿಂಗ್ ಎಂಬ ಹಳೆಯ ವಿದ್ಯೆಯಲ್ಲಿದೆ. ಒಂದು ಅದ್ಭುತ ನಾಯಿ ಸಿಕ್ಕಿತೆನ್ನಿ. ಅದರ ಮೊಮ್ಮಗಳನ್ನು ಅದಕ್ಕೇ ಕೂಡಿಸುವುದು, ಅಥವಾ ಅದರ ಮಗನಿಗೂ ಮೊಮ್ಮಗಳಿಗೂ ಜೋಡಿ ಮಾಡುವುದು. ಒಟ್ಟಿನಲ್ಲಿ ಆ ಹಿರಿಯನ ರಕ್ತ ತೆಳುವಾಗದಂತೆ ನೋಡಿಕೊಳ್ಳುವುದು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನ ಮಗಳನ್ನೇ ತಂದುಕೊಂಡ ಸೋದರಮಾವ ನಮ್ಮ ಎಷ್ಟು ಮನೆಗಳಲ್ಲಿಲ್ಲ? 1922ರಲ್ಲಿ ಸಿವಾಲ್ ರೈಟ್ ಎಂಬ ತಳಿವಿಜ್ಞಾನಿ ಇದಕ್ಕೊಂದು ಲೆಕ್ಕ ಕೊಟ್ಟರು. ಒಂದೇ ಪೂರ್ವಜನ ಒಂದೇ ವಂಶವಾಹಿ ಎರಡು ದಾರಿಯಿಂದ ಬಂದು ಒಂದೇ ಮರಿಯಲ್ಲಿ ಸೇರುವ ಸಂಭವ ಎಷ್ಟು? ತಂದೆ–ಮಗಳ ಮರಿಗೆ ಕಾಲು. ಅಜ್ಜ–ಮೊಮ್ಮಗಳ ಮರಿಗೆ ಅರೆಕಾಲು, ಅಂದರೆ ಶೇ. 12.5, ಸೋದರಮಾವ–ಅಕ್ಕನ ಮಗಳ ಕೂಸಿಗೂ ಅಷ್ಟೇ! ಅತ್ತೆಯ ಮಗ–ಮಾವನ ಮಗಳಾದರೆ ವೀಸ. ನಮ್ಮ ಅಜ್ಜಂದಿರ ಮಗ್ಗಿಯಲ್ಲೇ ಉತ್ತರಗಳಿವೆ ನೋಡಿ, ನನಗಂತೂ ಮೈ ಜುಮ್ಮೆಂದಿತು.

ಬ್ರೀಡರ್‌ಗಳನ್ನು ಬೈಯುವುದು ಸುಲಭ. ಆದರೆ ಈ ವಿದ್ಯೆ ಇಲ್ಲದಿದ್ದರೆ ತಳಿ ಎಂಬುದೇ ಇರುತ್ತಿರಲಿಲ್ಲ. ಮರಿ ದೊಡ್ಡದಾದರೆ ಎಷ್ಟೆತ್ತರ, ಎಂಥ ಸ್ವಭಾವ, ಕುರಿ ಕಾಯುತ್ತದೋ ಮೊಲ ಅಟ್ಟುತ್ತದೋ ಎಂದು ಮೊದಲೇ ಹೇಳುವ ಧೈರ್ಯ ಬರುವುದು ಎರಡೂ ಪ್ರತಿ ಒಂದೇ ಆದಾಗ. ಕಷ್ಟವೆಂದರೆ, ಹಿರಿಯನ ಗುಣವನ್ನು ಜೋಡಿಮಾಡುವ ಕೈ ಅವನೊಳಗೆ ಅಡಗಿದ್ದ ದೋಷವನ್ನೂ ಜೋಡಿಮಾಡುತ್ತದೆ. ಸೂಲಿಗೆ ಮರಿ ಕಡಿಮೆಯಾಗುವುದು, ರೋಗನಿರೋಧಕ ಶಕ್ತಿ ಕುಗ್ಗುವುದು ಮೆಲ್ಲಗೆ ಶುರುವಾಗುತ್ತವೆ. ಡಾಲ್ಮೇಷಿಯನ್ ವಿಷಯದಲ್ಲಿ ಸಂಶೋಧಕರ ಊಹೆ ಇನ್ನೂ ರೋಚಕ: ಬಿಡಿಬಿಡಿಯಾದ ಅಚ್ಚುಕಟ್ಟು ಚುಕ್ಕೆಗೆ ಕಾರಣವಾಗುವ ವಂಶವಾಹಿಯೊಂದು ಈ ಕೆಟ್ಟ ಕದದ ಪಕ್ಕದಲ್ಲೇ ಕೂತಿರಬೇಕು. ಜನ ಚುಕ್ಕೆ ಆರಿಸಿದರು, ಕಲ್ಲು ಜೊತೆಗೆ ಬಂತು.

ಒಳ್ಳೆಯ ಪ್ರತಿ ತಳಿಯಲ್ಲಿ ಒಂದೂ ಉಳಿಯದಿದ್ದ ಮೇಲೆ ಎಷ್ಟು ಜಾಣತನದಿಂದ ಜೋಡಿ ಹುಡುಕಿದರೇನು? ಹೊರಗಿನಿಂದಲೇ ತರಬೇಕು. 1973ರಲ್ಲಿ ರಾಬರ್ಟ್ ಶೈಬಲ್ ಅದನ್ನೇ ಮಾಡಿದರು. ತಳಿವಿಜ್ಞಾನಿ, ಜೊತೆಗೆ ಸ್ವತಃ ಡಾಲ್ಮೇಷಿಯನ್ ಸಾಕುತ್ತಿದ್ದವರು. ಇಂಗ್ಲಿಷ್ ಪಾಯಿಂಟರ್ ಎಂಬ ಬೇರೆ ತಳಿಯ ಒಂದು ನಾಯಿಯ ಜೊತೆ ಒಂದೇ ಒಂದು ಬಾರಿ ಸಂಕರ. ಮರಿಗಳ ಚುಕ್ಕೆ ಅಷ್ಟು ಚೆನ್ನಾಗಿರಲಿಲ್ಲ, ಆದರೆ ಮೂತ್ರ ಮಾಮೂಲಿ ನಾಯಿಯದು!

ಈಗ ನೋಡಿ ಚಮತ್ಕಾರ. ಶೈಬಲ್ ಆ ಮರಿಗಳನ್ನು ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸಿದರು, ಹುಟ್ಟಿದವನ್ನು ಮತ್ತೆ ಡಾಲ್ಮೇಷಿಯನ್‌ಗೇ. ಪಾಯಿಂಟರ್ ರಕ್ತ ಅರ್ಧ, ಕಾಲು, ಅರೆಕಾಲು, ವೀಸ, ಅರೆವೀಸ ಎಂದು ಕರಗುತ್ತ ಹೋಯಿತು. ಪ್ರತಿ ಸೂಲಿನಲ್ಲೂ ಮೂತ್ರ ಪರೀಕ್ಷಿಸಿ ಯೂರಿಕ್ ಆಮ್ಲ ಕಡಿಮೆ ಇದ್ದ ಮರಿಯನ್ನೇ ಮುಂದಿನ ಪೀಳಿಗೆಗೆ ಇಟ್ಟುಕೊಂಡರು. ಅಂದರೆ, ಮತ್ತೆ ಮತ್ತೆ ಒಂದೇ ಕಡೆ ಮರಳುವ ಅದೇ ಹಳೆಯ ವಿದ್ಯೆ! ಕೈ ಕೊಟ್ಟ ವಿದ್ಯೆಯೇ ಕೈ ಹಿಡಿಯಿತು. ವ್ಯತ್ಯಾಸ ಇಷ್ಟೇ: ಈ ಸಲ ಕಣ್ಣು ಚುಕ್ಕೆಯ ಮೇಲಷ್ಟೇ ಇರಲಿಲ್ಲ.

1981ರಲ್ಲಿ, ಶುದ್ಧ ತಳಿಗಳ ದಾಖಲೆ ಇಡುವ ಅಮೆರಿಕನ್ ಕೆನಲ್ ಕ್ಲಬ್ ಇಂಥ ಎರಡು ನಾಯಿಗಳನ್ನು ದಾಖಲಿಸಿಕೊಂಡಿತು. ತಳಿ ಸಂಘದವರು ಸಿಡಿದೆದ್ದರು, ದಾಖಲಾತಿ ನಿಂತಿತು. ಕುಲ ಕೆಟ್ಟಿತು ಎಂಬ ಕೂಗು ಯಾವ ಊರಿನದಾದರೂ ಒಂದೇ ಧಾಟಿ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಡಾನಿಕಾ ಬನ್ನಾಶ್ ಅವರ ತಂಡ ಆ ಕೆಟ್ಟ ಕದವನ್ನು ಕೊನೆಗೂ ಹಿಡಿಯಿತು. ಎಸ್‌ಎಲ್‌ಸಿ2ಎ9 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ತಪ್ಪು! ಕೆಲವು ಬುಲ್‌ಡಾಗ್‌ಗಳಲ್ಲೂ ಬ್ಲ್ಯಾಕ್ ರಷ್ಯನ್ ಟೆರಿಯರ್‌ಗಳಲ್ಲೂ ಅದೇ ತಪ್ಪು ಸಿಕ್ಕಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮನುಷ್ಯರ ಗೌಟ್ ಹುಡುಕುತ್ತಿದ್ದವರೂ ಇದೇ ವಂಶವಾಹಿಯ ಹೊಸ್ತಿಲಿಗೆ ಬಂದು ನಿಂತಿದ್ದರು. 2011ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ನಾಯಿಗಳಿಗೆ ಕೊನೆಗೂ ಬಾಗಿಲು ತೆರೆಯಿತು, ಆ ಸಂಕರವಾಗಿ ಮೂವತ್ತೆಂಟು ವರ್ಷದ ಮೇಲೆ.

ಒಂದು ಅಳುಕು ನನಗೆ ಇದ್ದೇ ಇದೆ. ಈ ಸಾಲಿನ ನಾಯಿಗಳ ಒಳ್ಳೆಯ ಪ್ರತಿ ಬಂದದ್ದು ಒಂದೇ ಪಾಯಿಂಟರ್‌ನಿಂದ. ಆತುರಪಟ್ಟು ಅವನ್ನವನ್ನೇ ಕೂಡಿಸುತ್ತ ಹೋದರೆ ಆ ಪಾಯಿಂಟರ್‌ನಲ್ಲಿ ಏನು ಅಡಗಿತ್ತೋ ಅದೂ ಜೋಡಿಯಾದೀತು. ಹಾಗಾಗಿ ಹೊಸ ಹೊಸ ಡಾಲ್ಮೇಷಿಯನ್ ಮನೆತನಗಳಿಗೆ ಸಂಬಂಧ ಬೆಳೆಸುತ್ತಲೇ ಇರಬೇಕು. ಒಂದು ಒಳ್ಳೆಯ ಪ್ರತಿ ಇರುವ ತಾಯಿಗೆ ಹಳೆಯ ಸಾಲಿನ ಗಂಡು ಕೂಡಿಸಿದರೆ ಸರಾಸರಿ ಅರ್ಧ ಮರಿಗಳಿಗೆ ಮಾತ್ರ ಕದ ತೆರೆದಿರುತ್ತದೆ. ಯಾವ ಅರ್ಧ? ನೋಡಿದರೆ ತಿಳಿಯುವುದಿಲ್ಲ. ಬಾಯೊಳಗೆ ಹತ್ತಿಯ ಕಡ್ಡಿ ಆಡಿಸಿ ಲ್ಯಾಬಿಗೆ ಕಳಿಸಿ ಕಾಯುತ್ತಾರೆ. ಅಷ್ಟರಲ್ಲಿ ಬುಟ್ಟಿಯೊಳಗೆ, ಹಾಲು ಕುಡಿದು ಒಂದರ ಮೇಲೊಂದು ಬಿದ್ದು ಮಲಗಿದ ಬಿಳಿ ಮರಿಗಳ ಮೈಮೇಲೆ, ಎಲ್ಲೋ ಕಿವಿಯ ಹತ್ತಿರ, ಮೊದಲ ಚುಕ್ಕೆ ಮೂಡುತ್ತಿರುತ್ತದೆ.